ಹಗೇವಿನಲ್ಲಿಟ್ಟ ಅಮಾನತ್

ನಮ್ಮ ಕಡೆ ‘ಅಮಾನತ್’ ಎಂದರೆ ಯಾರೋ ನಂಬಿ ನಮ್ಮ ಕೈಗೆ ಒಪ್ಪಿಸಿಹೋದ ವಸ್ತು. ಕೊಟ್ಟವರು ಬಂದು ಕೇಳುವ ತನಕ ಅದನ್ನು ಕಾಯಬೇಕು. ನನ್ನದು ಅನ್ನಬಾರದು, ಕಳೆಯಬಾರದು, ಬೇಸತ್ತು ಇನ್ನೊಬ್ಬರ ತಲೆಗೆ ಕಟ್ಟಬಾರದು. ಐವತ್ತಾರರಲ್ಲಿ ನಮ್ಮ ಜಿಲ್ಲೆ ಹೈದರಾಬಾದು ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಅದೇ ಮಾತು ಕಚೇರಿಯ ಕಾಗದಗಳಲ್ಲಿ ಬೇರೆ ವೇಷ ಹಾಕಿಕೊಂಡು ಬಂತು. ತಪ್ಪು ಮಾಡಿದ ನೌಕರನನ್ನು ವಿಚಾರಣೆ ಮುಗಿಯುವವರೆಗೆ ಕೆಲಸದಿಂದ ದೂರ ಇಡುವುದಕ್ಕೂ ‘ಅಮಾನತು’ ಎನ್ನುವರಂತೆ. ಈ ಎರಡು ಅರ್ಥಗಳ ನಡುವೆ ಸಿಕ್ಕಿಕೊಂಡು ನಾನು ಒಮ್ಮೆ ಚೆನ್ನಾಗಿ ನಗೆಪಾಟಲಾದೆ. ಅದನ್ನು ಹೇಳುವುದಕ್ಕೆ ಮೊದಲು ನನ್ನ ಮಾವನವರ ಬಗ್ಗೆ ಹೇಳಬೇಕು.

ಮಾವ ಬಸವಕಲ್ಯಾಣದಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದರು. ಮನೆಯ ಮುಂದಿನ ಖೋಲಿಯೇ ಅಂಗಡಿ. ಬಾಗಿಲ ಬೆಳಕು ಬೀಳುವಲ್ಲಿ ಒಂದು ಗಿಡ್ಡ ಮೇಜು, ಅದರ ಮೇಲೆ ಅಕ್ಕಿಕಾಳಿಗಿಂತ ಸಣ್ಣ ಸ್ಕ್ರೂಗಳು, ಬಲಗಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ. ಯಾರು ಬಂದರೂ ಬಲಗಣ್ಣನ್ನು ಗಡಿಯಾರದಿಂದ ಎತ್ತದೆ ಎಡಗಣ್ಣಿನಿಂದಲೇ ಗುರುತು ಹಿಡಿದು ಮಾತಾಡಿಸುವರು. ಒಮ್ಮೆ ರಿಪೇರಿಗೆ ಬಂದ ಗಡಿಯಾರವನ್ನು ಅವರು ಮರೆತದ್ದೇ ಇಲ್ಲ. ಮನುಷ್ಯರ ಹೆಸರು ಮರೆಯುವರು. ‘ಆ ಜೋಬು ಗಡಿಯಾರದವರ ಮಗಳ ಮದುವಿ ಆಯ್ತೇನು?’ ಎಂದು ಕೇಳುವರು.

ಅವರು ಕೆಲಸ ಕಲಿತದ್ದು ನಿಜಾಮನ ಕಾಲದ ಹೈದರಾಬಾದಿನಲ್ಲಿ, ಒಬ್ಬ ಉಸ್ತಾದರ ಕೈಕೆಳಗೆ. ನಲವತ್ತೆಂಟರ ಗಲಾಟೆ ಮುಗಿದ ಮೇಲೆ ಆ ಉಸ್ತಾದರು ಊರು ಬಿಟ್ಟು ದೂರ ಹೊರಟರಂತೆ. ಹೊರಡುವಾಗ ಬಿರಡೆ ಹಾಕಿದ ಒಂದು ಸಣ್ಣ ಗಾಜಿನ ಬಾಟಲಿಯನ್ನು ಮಾವನ ಕೈಯಲ್ಲಿಟ್ಟು, ‘ಇದು ಅಮಾನತ್. ಬೇಕಾದಷ್ಟು ಬಳಸು, ಮುಗಿಸಬೇಡ, ನಾನು ಬಂದು ಕೇಳುತ್ತೇನೆ’ ಅಂದಿದ್ದರು. ಬಾಟಲಿಯಲ್ಲಿ ಇದ್ದದ್ದು ರೇಡಿಯಂ ಪುಡಿ. ಅದನ್ನು ಒಂದು ತೊಟ್ಟು ವಾರ್ನಿಶಿನಲ್ಲಿ ಕಲಸಿ ಗಡಿಯಾರದ ಅಂಕಿಗಳಿಗೂ ಮುಳ್ಳುಗಳಿಗೂ ಹಚ್ಚಿದರೆ ಕತ್ತಲೆಯಲ್ಲಿ ಹಸಿರಾಗಿ ಹೊಳೆಯುತ್ತಿತ್ತು. ಸುತ್ತಿನ ಹಳ್ಳಿಗಳಲ್ಲಿ ಆ ಕೆಲಸ ಬಲ್ಲವರು ಮಾವ ಒಬ್ಬರೇ. ಉಸ್ತಾದರು ತಿರುಗಿ ಬರಲಿಲ್ಲ. ಮಾವ ಮಾತ್ರ ಅವರು ನಾಳೆಯೇ ಬಂದುಬಿಡುತ್ತಾರೇನೋ ಎಂಬಂತೆ ಆ ಪುಡಿಯನ್ನು ಜಿಪುಣತನದಿಂದ ಬಳಸುತ್ತಿದ್ದರು.

ಗಡಿಯಾರ ರಿಪೇರಿ ಮಾಡುವವರಲ್ಲಿ ಒಂದು ಅಭ್ಯಾಸವಿದೆ. ಹಿಂಬದಿಯ ಮುಚ್ಚಳ ಬಿಚ್ಚಿದಾಗ ಅದರ ಒಳಮೈಗೆ ಸೂಜಿಯಿಂದ ತಮ್ಮದೊಂದು ಗುರುತು ಗೀರುತ್ತಾರೆ. ಮುಂದೆ ಅದೇ ಗಡಿಯಾರ ಕೈಗೆ ಬಂದರೆ ಯಾರು ಏನು ಮಾಡಿದ್ದರು ಎಂದು ತಿಳಿಯುತ್ತದೆ. ಮಾವ ರೇಡಿಯಂ ಹಚ್ಚಿದ ಗಡಿಯಾರಕ್ಕೆಲ್ಲ ಒಂದು ಸಣ್ಣ ‘ಅ’ ಗೀರುತ್ತಿದ್ದರು, ಅಮಾನತಿನ ಅ. ಪರರ ವಸ್ತು ಎಲ್ಲೆಲ್ಲಿ ಹೋಗಿದೆ ಎಂಬ ನೆನಪಿಗೆ.

ಅರವತ್ತರ ದಶಕದ ಮೊದಲಲ್ಲಿ ನಾನು ಆ ಮನೆಗೆ ಸೊಸೆಯಾಗಿ ಬಂದೆ. ಮದುವೆಯ ಮರುದಿನ ಮಾವ ಒಂದು ಪುಟ್ಟ ಕೈಗಡಿಯಾರ ತಂದು, ‘ಹೈದರಾಬಾದದಿಂದ ತರಿಸೀನವ್ವಾ, ಹೊಸಾದು, ಡಬ್ಬಿ ಒಡದದ್ದು ಇವತ್ತೇ’ ಎಂದು ನನ್ನ ಕೈಗೆ ತಾವೇ ಕಟ್ಟಿದರು. ಅದೂ ಹೊಳೆಯುತ್ತದೆ ಎಂದು ಯಾರೋ ಅಂದರು. ಹಾಡಹಗಲು. ಕತ್ತಲೆ ಎಲ್ಲಿಂದ ತರುವುದು? ಅತ್ತೆ ಒಳಗಿನಿಂದ ಕರಿ ಕಂಬಳಿ ತಂದು ನನ್ನ ಮೇಲೂ ತಮ್ಮ ಮೇಲೂ ಹೊದಿಸಿದರು. ಉಣ್ಣೆಯ ವಾಸನೆಯಲ್ಲಿ ಇಬ್ಬರೂ ತಲೆ ತಾಗಿಸಿ ನೋಡಿದೆವು. ನನ್ನ ಮಣಿಕಟ್ಟಿನ ಮೇಲೆ ಹನ್ನೆರಡು ಹಸಿರು ಚುಕ್ಕೆಗಳು. ಹೊರಗೆ ಹೆಂಗಸರೆಲ್ಲ ತಮ್ಮ ಸರದಿಗೆ ಕಾಯುತ್ತಿದ್ದರು. ಕಂಬಳಿಯಿಂದ ತಲೆ ಹೊರಗೆ ಹಾಕಿದವಳೇ ನಾನು, ಹೊಸ ಸೊಸೆ ಎಂಬ ಸಂಕೋಚವನ್ನೂ ಬಿಟ್ಟು, ‘ಇದು ನನ್ನ ಕೈ ಬಿಡೂದು ನಾ ಮಣ್ಣಿಗೆ ಹೋಗೋವಾಗೇ’ ಎಂದುಬಿಟ್ಟೆ. ಎಲ್ಲರೂ ಬಿಡ್ತು ಬಿಡ್ತು ಎಂದರು. ಮಾವ ಮಾತ್ರ ಮುಖವೆಲ್ಲ ನಗೆಯಾಗಿ ನಿಂತಿದ್ದರು.

ಆಮೇಲೆ ನನಗೆ ಹುಮನಾಬಾದಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕಿತು. ನನ್ನ ಯಜಮಾನರಿಗೂ ಅಲ್ಲಿಯ ಬಸ್ ಡಿಪೋದಲ್ಲೇ ಕೆಲಸ. ವಾರವೆಲ್ಲ ಹುಮನಾಬಾದು, ಶನಿವಾರ ಮಧ್ಯಾಹ್ನದ ಬಸ್ಸಿಗೆ ಕಲ್ಯಾಣ. ಹೋದ ಕೂಡಲೇ ಮಾವ ಮೇಜಿನಿಂದಲೇ, ಶಾಲೆಯ ಮಕ್ಕಳು ಟೀಚರನ್ನು ಕರೆಯುವ ಹಾಗೆ, ‘ಬರ್ರಿ ಬಾಯಾರ, ಈ ವಾರ ಏನ್ ಕಲಿಸಿದ್ರಿ?’ ಎನ್ನುವರು. ನಾನು ನ್ಯೂಟನ್ನನೋ ಆಮ್ಲಜನಕವನ್ನೋ ಹೇಳಿದರೆ ಪಕ್ಕದ ಅಂಗಡಿಯ ಚಾಚಾ ಬೆಂಕಿಗೆ ಗಾಳಿ ಊದುವ ತಮ್ಮ ತಿದಿ ನಿಲ್ಲಿಸಿ ಕೇಳಲು ಬರುವರು. ಚಾಚಾ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವವರು, ಮಾವನ ಬಾಲ್ಯದ ಗೆಳೆಯ. ಇಬ್ಬರಿಗೂ ಎಲ್ಲದಕ್ಕೂ ಅನುಮಾನ. ಆಮ್ಲಜನಕದ ಬಗ್ಗೆ ಚಾಚಾನಿಗೆ ನನಗಿಂತ ಹೆಚ್ಚು ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ ಅಷ್ಟೇ.

ಎಪ್ಪತ್ತರ ಹೊತ್ತಿಗೆ ಗುಲ್ಬರ್ಗಾದಲ್ಲಿ ವಿಜ್ಞಾನ ಶಿಕ್ಷಕರಿಗೊಂದು ಬೇಸಿಗೆ ತರಬೇತಿ ನಡೆಯಿತು. ಅಲ್ಲಿ ಪಾಠ ಮಾಡಿದವರೊಬ್ಬರು ಪರದೇಶದ ಗಡಿಯಾರ ಕಾರ್ಖಾನೆಗಳ ಹೆಣ್ಣುಮಕ್ಕಳ ಕಥೆ ಹೇಳಿದರು. ಕುಂಚದ ತುದಿ ಚೂಪಾಗಲೆಂದು ಅವರು ಅದನ್ನು ತುಟಿಗಿಟ್ಟು ಒದ್ದೆ ಮಾಡುತ್ತಿದ್ದರಂತೆ. ಹಾಗೆ ಹೊಟ್ಟೆಗೆ ಹೋದ ರೇಡಿಯಂ ಮೂಳೆಯಲ್ಲಿ ಕೂತು, ದವಡೆಯನ್ನೇ ತಿಂದು ಅವರನ್ನು ಕೊಂದಿತಂತೆ. ಬೇರೆಯವರೆಲ್ಲ ಬರೆದುಕೊಂಡರು. ನನ್ನ ಪೆನ್ನು ಏಳಲಿಲ್ಲ. ಕಣ್ಣ ಮುಂದೆ ಮಾವನ ಗಿಡ್ಡ ಮೇಜು ಬಂದು ನಿಂತಿತ್ತು.

ಶನಿವಾರ ಕಲ್ಯಾಣಕ್ಕೆ ಹೋದಾಗ ಮಾವ ಒಂದು ಡಯಲ್ಲಿಗೆ ರೇಡಿಯಂ ಹಚ್ಚುತ್ತಿದ್ದರು. ಅದ್ದಿದರು, ಹಚ್ಚಿದರು, ಕುಂಚವನ್ನು ತುಟಿಗೆ ತಂದರು. ನಾನು ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿ ಕುಂಚ ಕಸಿದುಕೊಂಡೆ. ನನ್ನ ಬಾಯಿ ಮೊದಲೇ ಜೋರು. ಅವತ್ತು ಏನೇನು ಅಂದೆನೋ. ಇಪ್ಪತ್ತು ವರ್ಷದಿಂದ ವಿಷ ನೆಕ್ಕುತ್ತಾ ಕೂತಿದ್ದೀರಿ, ಹಲ್ಲೆಲ್ಲ ಉದುರಿದ್ದು ಇದಕ್ಕೇ ಎಂದೂ ಅಂದೆ. ಹಲ್ಲು ಉದುರಿದ್ದು ಅದರಿಂದಲೋ ಸುಣ್ಣ ತಂಬಾಕಿನಿಂದಲೋ ಇವತ್ತಿಗೂ ನನಗೆ ಗೊತ್ತಿಲ್ಲ. ಆದರೆ ಅನ್ನುವಾಗ ಗೊತ್ತಿದ್ದವಳ ಹಾಗೆ ಅಂದೆ.

ಮಾವ ಸಿಟ್ಟಾಗಲಿಲ್ಲ. ಭೂತಗನ್ನಡಿ ತೆಗೆದು ಎರಡೂ ಕಣ್ಣಿನಿಂದ ನನ್ನನ್ನು ನೋಡಿದರು.

‘ಇದು ಈಗ ಮಂಕಾಗ್ಯಾದವ್ವಾ. ಎಷ್ಟ್ ಹಚ್ಚಿದ್ರೂ ಮೊದಲಿನಂಗ ಹೊಳೀವಲ್ದು. ಬೆಳಕು ಹೋದ ಮ್ಯಾಲ ವಿಷಾನೂ ಹೋಗಿರಬೇಕಲ್ಲ?’

‘ಇಲ್ರಿ ಮಾವಾರ. ಹೊಳಿಯೋ ಪುಡಿ ಬ್ಯಾರೆ, ರೇಡಿಯಂ ಬ್ಯಾರೆ, ಎರಡೂ ಕೂಡಿಸಿರ್ತಾರ. ಹೊಳಿಯೋದು ಸತ್ತದ. ರೇಡಿಯಂ ಹಂಗೇ ಅದ.’

‘ಎಷ್ಟು ವರ್ಷ ಇರ್ತದ?’

‘ಸಾವಿರದ ಆರುನೂರು ವರ್ಷಕ್ಕ ಅರ್ಧ ಆಗ್ತದ.’

ಚಾಚಾ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ‘ಉಳಿದರ್ಧ?’

‘ಅದರ ಅರ್ಧ ಆಗಾಕ ಇನ್ನ ಸಾವಿರದ ಆರುನೂರು.’

ಮಾವ ಬೆರಳಲ್ಲಿ ಎಣಿಸಿದರು. ‘ಶರಣರು ಈ ಊರಾಗ ಇದ್ದು ಎಂಟುನೂರು ವರ್ಷ ಆಗ್ಯಾದ. ಅದರ ಎರಡು ಪಟ್ಟು. ಅಷ್ಟು ದಿನ ಕಾಯೋರು ಯಾರು?’ ಎಂದರು. ನಾನು ವಿಷದ ಮಾತಾಡುತ್ತಿದ್ದೆ, ಅವರು ಕಾಯುವ ಮಾತಾಡುತ್ತಿದ್ದರು. ತಮ್ಮ ದವಡೆಯ ಬಗ್ಗೆ ಅವರು ಆಮೇಲೂ ಒಂದು ಮಾತು ಕೇಳಲಿಲ್ಲ. ಅವತ್ತಿನಿಂದ ಅವರಿಗೆ ಒಂದೇ ಚಿಂತೆ. ತಾವು ಕಣ್ಣು ಮುಚ್ಚುವುದರೊಳಗೆ ಈ ಬಾಟಲಿ ಮತ್ತು ಅದರಿಂದ ಹೊರಗೆ ಹೋದದ್ದೆಲ್ಲ ಒಂದು ಸುರಕ್ಷಿತ ಜಾಗಕ್ಕೆ ಸೇರಬೇಕು, ಮೊಮ್ಮಕ್ಕಳ ಕೈಗೆ ಸಿಗಬಾರದು.

ಮೊದಲು ಬಾಟಲಿಗೊಂದು ಪೆಟ್ಟಿಗೆ ಬೇಕಿತ್ತು. ಸೀಸದ್ದೇ ಆಗಬೇಕು ಎಂದೆ. ಸೀಸ ಎಲ್ಲಿಂದ? ಹುಮನಾಬಾದಿನಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಒಂದು ಸಣ್ಣ ಪ್ರೆಸ್ಸಿತ್ತು. ಅದರ ಮಾಲೀಕರ ಮಗಳು ನನ್ನ ವಿದ್ಯಾರ್ಥಿನಿ. ಸವೆದ ಅಚ್ಚುಮೊಳೆಗಳನ್ನು ಅವರು ಒಂದು ಗೋಣಿಚೀಲದಲ್ಲಿ ಕಟ್ಟಿಕೊಟ್ಟರು. ಬಸ್ಸಿನಲ್ಲಿ ಎತ್ತಲಾರದೆ ಎತ್ತಿಕೊಂಡು ಹತ್ತಿದಾಗ ಕಂಡಕ್ಟರ್, ‘ಏನದರಾಗ ಬಾಯಾರ?’ ಎಂದ. ‘ಅಕ್ಷರ’ ಎಂದೆ. ‘ಅಕ್ಷರ ಇಷ್ಟು ಭಾರ ಇರ್ತಾವ ಅಂತನೇ ನಾ ಸಾಲಿ ಬಿಟ್ಟಿದ್ದು’ ಎಂದು ಅವನೇ ಕೈಕೊಟ್ಟು ಒಳಗೆ ಎಳೆದುಕೊಂಡ. ಚಾಚಾ ಆ ಮೊಳೆಗಳನ್ನೆಲ್ಲ ಕರಗಿಸಿ ಬೆರಳು ದಪ್ಪದ ಗೋಡೆಯ ಪೆಟ್ಟಿಗೆ ಎರಕ ಹೊಯ್ದರು. ಒಂದೊಂದು ಅಕ್ಷರ ಕರಗುವಾಗಲೂ ಮಾವ ಬಗ್ಗಿ, ‘ಕ ಹೋಯ್ತು, ಳ ಹೋಯ್ತು’ ಎನ್ನುತ್ತಿದ್ದರು.

ಜಾಗದ ಚರ್ಚೆ ಒಂದು ಬೇಸಿಗೆ ಪೂರ್ತಿ ನಡೆಯಿತು. ಮಾವ, ಅತ್ತೆ, ಚಾಚಾ, ನಾನು, ಜೊತೆಗೆ ಕಪ್ಪುಬಶಿಯಲ್ಲಿ ಚಹಾ. ಹೊಲದಲ್ಲಿ ಹೂಳೋಣ ಎಂದರೆ, ಕರಿಮಣ್ಣು ಬೇಸಿಗೆಯಲ್ಲಿ ಮೊಳಕೈ ಹೋಗುವಷ್ಟು ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಇಟ್ಟದ್ದು ಇಟ್ಟಲ್ಲಿ ಇರುವುದಿಲ್ಲ. ಹಾಳುಬಾವಿಗೆ ಹಾಕೋಣ ಎಂದ ಮಾತಿಗೆ ನಾನು ಎದ್ದೇ ನಿಂತೆ. ಕೆಂಪುಕಲ್ಲಿನ ಖಣಿಯಲ್ಲಿ ಇಟ್ಟರೆ ಇವತ್ತಲ್ಲ ನಾಳೆ ಕಲ್ಲು ಕಡಿಯುವವರು ಬರುತ್ತಾರೆ. ಮೇಲೊಂದು ಕಲ್ಲು ನಿಲ್ಲಿಸಿ ‘ಅಪಾಯ’ ಎಂದು ಕೆತ್ತಿಸೋಣ ಎಂದು ನಾನು ಜಾಣತನ ತೋರಿಸಿದೆ. ಚಾಚಾ ಹೊಟ್ಟೆ ಹಿಡಿದು ನಕ್ಕರು.

‘ಬೇಟಿ, ಕಲ್ಯಾಣದಾಗ ಅಕ್ಷರ ಇದ್ದ ಕಲ್ಲು ನಿಂದ್ರಿಸಿದ್ರ ಎಂಟ ದಿನಕ್ಕ ಅದರ ಬುಡ ಅಗದಿರ್ತಾರ, ಖಜಾನಾ ಅದ ಅಂತ.’

ಅದು ನಿಜ. ಹಳೆಯ ರಾಜಧಾನಿಯ ಊರು, ಕೋಟೆಯ ಸುತ್ತ ನಿಧಿಯ ಆಸೆಗೆ ತೋಡಿದ ಗುಂಡಿಗಳಿಗೆ ಲೆಕ್ಕವಿರಲಿಲ್ಲ. ಹಾಗಾದರೆ ಅಕ್ಷರವೇ ಬೇಡ, ಬರೀ ಕಲ್ಲು ಎಂದೆ. ಅದಕ್ಕೆ ಅತ್ತೆ, ‘ಬರೀ ಕಲ್ಲಿಗೆ ಮೊದಲು ನಾನೇ ಕುಂಕುಮ ಹಚ್ತೀನಿ’ ಎಂದರು. ನಾಲ್ಕು ಶುಕ್ರವಾರ ಕಳೆದರೆ ಕಾಯಿ ಒಡೆಯುತ್ತಾರೆ, ಆಮೇಲೆ ಬುಡದ ಮಣ್ಣನ್ನು ಪ್ರಸಾದ ಅಂತ ಮಕ್ಕಳ ಹಣೆಗೆ ಹಚ್ಚುತ್ತಾರೆ. ಗುರುತು ಇಟ್ಟರೆ ಅಗೆಯುತ್ತಾರೆ ಇಲ್ಲ ಪೂಜಿಸುತ್ತಾರೆ, ಇಡದಿದ್ದರೆ ಮರೆತು ಉಳುತ್ತಾರೆ. ಇಂಥ ಪ್ರಶ್ನೆ ನನ್ನ ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ.

ಕೊನೆಗೊಂದು ದಿನ ಮಾವ ಮೆಲ್ಲಗೆ, ‘ನಾ ಹೋದಾಗ ನನ್ನ ಸಂಗಾಟನೇ ಕುಂದ್ರಸ್ರಿ. ನಮ್ಮದು ಹೆಂಗೂ ಹೂಳೋ ಪದ್ಧತಿ’ ಎಂದರು. ಅತ್ತೆ ಬಶಿ ಕೆಳಗಿಟ್ಟು ಎದ್ದುಹೋದರು. ಚಾಚಾ ಮಾತ್ರ ತಣ್ಣಗೆ, ‘ಅದೂ ಖಾಯಂ ಜಾಗಾ ಅಲ್ಲ ಭಯ್ಯಾ. ಹತ್ತಿಪ್ಪತ್ತು ವರ್ಷಕ್ಕ ಅಲ್ಲೇ ಇನ್ನೊಬ್ಬರಿಗೆ ಅಗೀತಾರ. ಅವರಿಗೇನ್ ಹೇಳ್ತಿ?’ ಎಂದರು. ಮಾವ ಒಪ್ಪಿದರು. ಒಪ್ಪಿದ್ದು ನನಗೆ ಎಷ್ಟು ಸಮಾಧಾನ ತಂದಿತೆಂದರೆ, ಒಳಗೆ ಹೋಗಿ ಎರಡನೇ ಸಲ ಚಹಾ ಕಾಸಿದೆ.

ದಾರಿ ತೋರಿಸಿದ್ದು ಅತ್ತೆ. ನಮ್ಮ ಹಿತ್ತಲಲ್ಲಿ ಒಂದು ಹಗೇವು ಇತ್ತು. ಹಿಂದಿನವರು ಜೋಳ ತುಂಬಿಡಲು ನೆಲದೊಳಗೆ ಹೂಜಿಯ ಹಾಗೆ ತೋಡಿದ ಕಣಜ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಗಟ್ಟಿ ಮೊರಮಿನ ನೆಲ, ಹತ್ತು ಮಳೆಗಾಲ ಕಳೆದರೂ ಒಳಗೆ ತೇವ ಹೊಕ್ಕಿರಲಿಲ್ಲ. ಇನ್ನೊಂದು ಸಂಗತಿ ಇದೆ. ಹಗೇವಿನ ಬಾಯಿ ತೆಗೆದವರು ಯಾರೂ ಕೂಡಲೇ ಒಳಗೆ ಇಳಿಯುವುದಿಲ್ಲ. ಒಳಗಿನ ಕೆಟ್ಟ ಗಾಳಿಗೆ ಜೀವ ಹೋದ ಕಥೆ ಪ್ರತಿ ಊರಲ್ಲೂ ಇದೆ. ಮೊದಲು ದೀಪ ಇಳಿಬಿಟ್ಟು ನೋಡುತ್ತಾರೆ, ಮನೆಯ ಹಿರಿಯರನ್ನು ಕರೆಯುತ್ತಾರೆ, ಕೇಳುತ್ತಾರೆ.

‘ಕೇಳದ ಯಾರೂ ಹಗೇವು ತೆಗೆಯಂಗಿಲ್ಲ’ ಎಂದರು ಅತ್ತೆ. ‘ಕೇಳಿದವರಿಗೆ ಹೇಳೋರು ಒಬ್ಬರು ಮನ್ಯಾಗ ಇದ್ರ ಆಯ್ತು.’

ಮಾವನ ಮುಖ ಅರಳಿತು. ‘ಈ ಊರಾಗ ಕೋಟಿ ಬಿತ್ತು, ಅರಮನಿ ಬಿತ್ತು. ಒಬ್ಬರಿಂದ ಒಬ್ಬರಿಗೆ ಹೇಳಿದ್ದು ಮಾತ್ರ ಉಳೀತು. ಹೇಳೋದೇ ಖರೇ ಕಾವಲು’ ಎಂದರು. ಆಮೇಲೆ ನನ್ನ ಕಡೆ ತಿರುಗಿ, ‘ಆದ್ರ ಇದು ಸರ್ಕಾರದವರು ಬಂದು ಒಯ್ಯೋತನಕ ಮಾತ್ರ. ಅವರಿಗೆ ಬರೀ ನೀ’ ಎಂದರು. ಹೀಗೆ ಸೀಸದ ಪೆಟ್ಟಿಗೆ ಹಗೇವಿಗೆ ಇಳಿಯಿತು, ಮೇಲೆ ಚಪ್ಪಡಿ ಮುಚ್ಚಿದರು.

ನಾನು ಜಿಲ್ಲೆಯ ಒಂದು ಕಚೇರಿಗೆ ಅಚ್ಚುಕಟ್ಟಾಗಿ ಕನ್ನಡದಲ್ಲಿ ಅರ್ಜಿ ಬರೆದೆ. ‘ಇಪ್ಪತ್ತು ವರ್ಷಗಳಿಂದ ನಮ್ಮಲ್ಲಿ ಅಮಾನತಿನಲ್ಲಿರುವ ರೇಡಿಯಂ ಅನ್ನು ತಾವು ವಶಕ್ಕೆ ತೆಗೆದುಕೊಳ್ಳಬೇಕು’ ಎಂದು. ಎರಡು ತಿಂಗಳಿಗೆ ಉತ್ತರ ಬಂತು. ಅಲ್ಲಿಯ ಗುಮಾಸ್ತರು ಹಳೇ ಮೈಸೂರಿನ ಕಡೆಯಿಂದ ಬಂದವರಿರಬೇಕು. ಇಪ್ಪತ್ತು ವರ್ಷಗಳ ದೀರ್ಘಕಾಲ ಅಮಾನತಿನಲ್ಲಿರುವ ಸದರಿ ಶ್ರೀ ರೇಡಿಯಂ ಅವರ ಹುದ್ದೆ, ನೇಮಕವಾದ ದಿನಾಂಕ ಮತ್ತು ಅಮಾನತಿಗೆ ಕಾರಣಗಳನ್ನು ಮರುಟಪಾಲಿನಲ್ಲಿ ತಿಳಿಸತಕ್ಕದ್ದು ಎಂದಿತ್ತು. ಶಾಲೆಯ ವಿಳಾಸಕ್ಕೆ ಬಂದ ಕಾಗದ, ಮುಖ್ಯೋಪಾಧ್ಯಾಯರು ಎಲ್ಲರ ಮುಂದೆ ಓದಿದರು. ನನ್ನ ಕಿವಿ ಬಿಸಿಯಾದವು. ಶನಿವಾರ ಮಾವನಿಗೆ ತೋರಿಸಿದರೆ ಅವರು ನಕ್ಕು ನಕ್ಕು ಭೂತಗನ್ನಡಿ ಬೀಳಿಸಿಕೊಂಡರು. ‘ಬರೀ ಅವ್ವಾ, ಸಾಹೇಬ್ರು ಮನಿಷಾ ಚೊಲೋ ಇದ್ದಾರ, ಜರಾ ಮಂದೀಗೆ ಸುಡ್ತಾರ ಅಷ್ಟೇ ಅಂತ ಬರೀ.’ ಅಂದಿನಿಂದ ಬಾಟಲಿಗೆ ‘ಅಮಾನತ್ ಸಾಹೇಬ್ರು’ ಎಂದೇ ಹೆಸರಾಯಿತು. ಬಸ್ಸಿಳಿದು ಬಂದರೆ ಅತ್ತೆ, ‘ಸಾಹೇಬ್ರು ಹಗೇವಿನಾಗ ಆರಾಮ ಅದಾರ’ ಎನ್ನುವರು.

ಎರಡನೇ ಅರ್ಜಿಯನ್ನು ನಾನು ಇಂಗ್ಲಿಷಿನಲ್ಲಿ ಬರೆದು ನೇರ ಮುಂಬೈಯ ಅಣುಶಕ್ತಿ ಕಚೇರಿಗೆ ಹಾಕಿದೆ. ಬಾಟಲಿಯನ್ನು ತೆರೆಯಬೇಡಿ, ಪೆಟ್ಟಿಗೆಯ ಜಾಗ ಬದಲಿಸಬೇಡಿ, ಆ ಭಾಗಕ್ಕೆ ಬಂದಾಗ ನಮ್ಮವರು ಒಯ್ಯುತ್ತಾರೆ ಎಂದು ಮರ್ಯಾದೆಯ ಉತ್ತರ ಬಂತು. ಯಾವಾಗ ಎಂದು ಇರಲಿಲ್ಲ.

ಮಾವ ಸುಮ್ಮನೆ ಕೂರಲಿಲ್ಲ. ಸಾದಾ ಡಯಲ್ಲುಗಳನ್ನೂ ಮುಳ್ಳುಗಳನ್ನೂ ಒಂದು ತಗಡಿನ ಪೆಟ್ಟಿಗೆಯಲ್ಲಿ ತುಂಬಿಕೊಂಡು, ತಾವು ‘ಅ’ ಗೀರಿದ ಗಡಿಯಾರಗಳನ್ನು ಹುಡುಕಿಕೊಂಡು ಬಸ್ಸು ಹತ್ತಿದರು. ರಾಜೇಶ್ವರದಲ್ಲಿ ಸುಲಭವಾಯಿತಂತೆ, ಬೆಳಕು ಹೋದ ಡಯಲ್ಲು ಯಾರಿಗೆ ಬೇಕು. ಮಂಠಾಳದ ಸಂತೆಯಲ್ಲಿ ಮಾತ್ರ ಒಬ್ಬರು ‘ರೇಡಿಯಂ ಗಡಿಯಾರ ಅಂತನೇ ನನಗ ಹೆಣ್ಣು ಕೊಟ್ಟಾರ’ ಎಂದು ಹಟ ಹಿಡಿದರು. ಮಾವ ಮೂರು ಸಂತೆ ಅವರ ಪಕ್ಕ ಕೂತು ಒಲಿಸಿದರು. ಗೋರ್ಟಾದಲ್ಲಿ ಒಬ್ಬ ಮುದುಕಿ ಗಂಡನ ಗಡಿಯಾರವನ್ನು ಸೀರೆಯ ತುಂಡಿನಲ್ಲಿ ಸುತ್ತಿ ಇಟ್ಟಿದ್ದಳು. ಗಂಡ ನಲವತ್ತೆಂಟರ ಗಲಾಟೆಯಲ್ಲಿ ಹೋದವನು. ಮಾವ ಹೈದರಾಬಾದಿನಲ್ಲಿ ಕೆಲಸ ಕಲಿಯುವಾಗ ಹಚ್ಚಿದ ಮೊದಲ ಗಡಿಯಾರಗಳಲ್ಲಿ ಅದೂ ಒಂದು, ‘ಅ’ ಗೀರುವ ರೂಢಿಗೂ ಮೊದಲಿನದು, ಆದರೆ ಪುಡಿ ಅದೇ ಬಾಟಲಿಯದು. ಅದು ಯಾವಾಗಲೋ ನಿಂತಿತ್ತು. ‘ಒಳಗಿಂದು ತಗೊಂಡು ಹೋಗ್ರಿ, ಹೊರಗಿನ ಡಬ್ಬಿ ಕೊಟ್ಟು ಹೋಗ್ರಿ. ಅಂವನ ಕೈ ಹತ್ತಿದ್ದು ಡಬ್ಬಿಗೆ’ ಎಂದಳಂತೆ. ಅದನ್ನು ಹೇಳುವಾಗ ಮಾವ ಮೇಜಿನ ಮೇಲಿನ ಧೂಳನ್ನು ಒರೆಸಿದ್ದನ್ನೇ ಒರೆಸುತ್ತಿದ್ದರು.

ತೆಗೆದ ಡಯಲ್ಲುಗಳೆಲ್ಲ ವರ್ಷಕ್ಕೊಮ್ಮೆ, ಎಳ್ಳಮಾಸಿಯ ಮುಂಜಾನೆ, ದೀಪ ಇಳಿಬಿಟ್ಟು ನೋಡಿ ಹಗೇವಿನ ಪೆಟ್ಟಿಗೆಗೆ ಸೇರುತ್ತಿದ್ದವು. ಅವತ್ತು ಊರೆಲ್ಲ ಭಜ್ಜಿ, ಕಡುಬು, ಅಂಬಲಿ ಕಟ್ಟಿಕೊಂಡು ಹೊಲಕ್ಕೆ ಹೊರಡುವ ದಿನ. ಬುಟ್ಟಿ ಹೊತ್ತು ಅತ್ತೆ ಬಾಗಿಲಲ್ಲಿ ಕಾಯುತ್ತಿರುವಾಗ ಮಾವ ನನ್ನನ್ನು ಚಪ್ಪಡಿಯ ಹತ್ತಿರ ನಿಲ್ಲಿಸಿ ಪ್ರಶ್ನೆ ಕೇಳುವರು. ಶಾಲೆಯಲ್ಲಿ ಮಕ್ಕಳನ್ನು ನಿಲ್ಲಿಸುವ ನನಗೆ ಇಲ್ಲಿ ಪರೀಕ್ಷೆ.

‘ಇದರಾಗ ಏನದ?’

‘ರೇಡಿಯಂ.’

‘ಯಾರದು?’

‘ನಮ್ಮದಲ್ಲ, ಅಮಾನತ್.’

‘ತೆಗದ್ರ?’

‘ಕಣ್ಣಿಗೆ ಕಾಣದ ಸುಡ್ತದ.’

‘ಮುಂದ ಯಾರಿಗೆ ಹೇಳ್ತಿ?’

‘ಮಗಳಿಗೆ.’

‘ಎಲ್ಲಾ ಬಂದಾವೇನು?’

ಇದಕ್ಕೆ ಉತ್ತರ ಅವರೇ ಹೇಳಬೇಕು. ಒಂದು ವರ್ಷ ‘ಇನ್ನ ಹತ್ತು’ ಎಂದರು, ಮತ್ತೊಂದು ವರ್ಷ ‘ನಾಕು’. ಕೊನೆಯ ಮೂರು ವರ್ಷ ಒಂದೇ ಉತ್ತರ. ‘ಒಂದು ಉಳಿದದ.’

ಯಾರದು ಎಂದರೆ ಹೇಳುತ್ತಿರಲಿಲ್ಲ. ಪುಣೆಗೋ ಸೊಲ್ಲಾಪುರಕ್ಕೋ ಹೋದ ಯಾರದೋ ಇರಬೇಕೆಂದು ನಾನು ಊಹಿಸಿದ್ದೆ. ಆ ದಿನಗಳಲ್ಲಿ ಅವರಿಗೆ ಇನ್ನೊಂದು ಹುಚ್ಚು ಹಿಡಿದಿತ್ತು. ನಾನು ಬಂದಾಗಲೆಲ್ಲ, ‘ನಿನ್ನ ಗಡಿಯಾರಕ್ಕ ಎಣ್ಣಿ ಹಾಕಬೇಕಲ್ಲ ಅವ್ವಾ, ಎಂಟ ದಿನ ಬಿಟ್ಟು ಹೋಗು’ ಎನ್ನುವರು. ನಾನು ಕೈ ಹಿಂದೆ ಎಳೆದುಕೊಂಡು, ‘ಸೆಕೆಂಡ್ ತಪ್ಪದ ನಡದದ ಮಾವಾರ, ಬಿಡ್ರಿ. ಸೋಮವಾರ ಸಾಲಿಗೆ ಟೈಮ್ ಯಾರ್ ಹೇಳ್ತಾರ?’ ಎನ್ನುತ್ತಿದ್ದೆ. ಒಮ್ಮೆ ಅವರು ಮೂರು ಸಲ ಕೇಳಿದರೆಂದು ಸಿಡುಕಿಯೂ ಬಿಟ್ಟೆ. ಅವರು ‘ಆಯ್ತವ್ವಾ ಆಯ್ತು’ ಎಂದು ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡರು.

ಎಂಬತ್ತರ ದಶಕ ಹುಟ್ಟಿದ ಮೇಲೆ ಒಂದು ಮುಂಜಾನೆ ಮಾವ ಚಹಾ ಕುಡಿದು, ಬಶಿ ತೊಳೆದಿಟ್ಟು, ಮೇಜಿನ ಮುಂದೆ ಕೂತಲ್ಲೇ ಹೋದರು. ದವಡೆಯ ರೋಗವೇನೂ ಬರಲಿಲ್ಲ, ವಯಸ್ಸಾಗಿತ್ತು. ಅದಕ್ಕೆ ಮುಂಚಿನ ವಾರ ನಾನು ಹೋದಾಗ ನನ್ನ ಕೈ ಹಿಡಿದು ಬಹಳ ಹೊತ್ತು ಕೂತಿದ್ದರು. ಪ್ರೀತಿಗೆ ಹಿಡಿದಿದ್ದಾರೆಂದುಕೊಂಡೆ. ಪ್ರೀತಿಗೇ ಹಿಡಿದಿದ್ದರು, ಅದರಲ್ಲಿ ಸುಳ್ಳೇನಿಲ್ಲ.

ಎರಡು ವರ್ಷದ ನಂತರ ಮುಂಬೈಯಿಂದ ಜೀಪು ಬಂತು. ಮರಾಠಿ ಮಾತಾಡುವ ಒಬ್ಬ ಯುವ ಅಧಿಕಾರಿ, ಜೊತೆಗೆ ದಪ್ಪ ಕಬ್ಬಿಣದ ಪೀಪಾಯಿ, ಕೈಯಲ್ಲಿ ರೇಡಿಯಂ ಇದ್ದಲ್ಲಿ ಕಟಕಟ ಎನ್ನುವ ಯಂತ್ರ. ಹಗೇವಿನೊಳಗೆ ಅತ್ತೆ ದೀಪ ಇಳಿಬಿಟ್ಟದ್ದನ್ನು ನೋಡಿ ಅವರು ಟೋಪಿ ತೆಗೆದರು. ಪೆಟ್ಟಿಗೆ ಮೇಲೆ ಬಂತು. ಚಾಚಾ ಹೊಯ್ದ ಸೀಸ ಒಳ್ಳೆಯ ಕೆಲಸ ಮಾಡಿತ್ತು, ಯಂತ್ರ ಸ್ವಲ್ಪವೇ ಕಟಕಟಿಸಿತು. ಇಷ್ಟು ಚೊಕ್ಕವಾಗಿ ಇಟ್ಟವರನ್ನು ತಾವು ನೋಡಿಲ್ಲ ಎಂದರು ಅಧಿಕಾರಿ. ಚಾಚಾ ಎದೆ ಉಬ್ಬಿಸಿದರು. ನನಗೂ ಹೆಮ್ಮೆ ತಡೆಯಲಾಗಲಿಲ್ಲ. ಎಡಗೈ ಚಾಚಿ ಚಾಚಿ ತೋರಿಸತೊಡಗಿದೆ, ತೋರಿಸಿದಲ್ಲೆಲ್ಲ ಅವರು ಯಂತ್ರ ಹಿಡಿದರು. ಮಾವ ಕೂರುತ್ತಿದ್ದದ್ದು ಇಲ್ಲಿ ಎಂದು ಮೇಜು ತೋರಿಸಿದರೆ ಯಂತ್ರ ಜೋರಾಗಿ ಕೂಗಿತು. ಸರಿ, ಕೂಗಬೇಕಾದದ್ದೇ. ಕುಂಚ ಇಡುತ್ತಿದ್ದದ್ದು ಈ ಗೂಡಿನಲ್ಲಿ ಎಂದೆ, ಕೂಗಿತು. ಚಹಾ ಕುಡಿಯುತ್ತಿದ್ದದ್ದು ಈ ಕಟ್ಟೆಯ ಮೇಲೆ ಎಂದೆ, ಅಲ್ಲೂ ಕೂಗಿತು. ಬೇವಿನ ಗಿಡ ತೋರಿಸಿದರೆ ಗಿಡದ ಹತ್ತಿರವೂ. ನಾನು ಗಾಬರಿಯಾದೆ, ಮನೆಯೆಲ್ಲ ವಿಷವಾಯಿತೇ ಎಂದು.

ಅಧಿಕಾರಿ ಮೆಲ್ಲಗೆ, ‘ಬಾಯಿಯವರೇ, ನೀವು ಕೈ ಕೆಳಗೆ ಬಿಡಿ’ ಎಂದರು. ಬಿಟ್ಟೆ. ಗಿಡ ಸುಮ್ಮನಾಯಿತು. ಅವರು ಯಂತ್ರವನ್ನು ನನ್ನ ಮಣಿಕಟ್ಟಿನ ಹತ್ತಿರ ತಂದರು.

‘ಇದು ಹೊಸ ಗಡಿಯಾರ, ಕಂಪನಿಯದು’ ಎಂದೆ. ಇಪ್ಪತ್ತು ವರ್ಷ ನಾನು ನಂಬಿದ್ದು ಅದನ್ನೇ. ಹೊಸ ಕಂಪನಿಯ ಗಡಿಯಾರದಲ್ಲಿ ಆ ಹಳೆಯ ಪುಡಿ ಇರುವುದಿಲ್ಲ ಎಂದುಕೊಂಡಿದ್ದೆ. ಹಸಿರು ಚುಕ್ಕೆಗಳು ಆರಿದ ಮೇಲೆ ಆ ಯೋಚನೆಯೇ ಬಂದಿರಲಿಲ್ಲ. ತಾಲ್ಲೂಕಿಗೆಲ್ಲ ಪಾಠ ಹೇಳಿದವಳು ಕೈಗೆ ಕಟ್ಟಿಕೊಂಡದ್ದನ್ನು ನೋಡಿರಲಿಲ್ಲ.

ಅತ್ತೆ ಕಟ್ಟೆಯ ಮೇಲೆ ಕೂತರು. ‘ಹೊಸಾದಲ್ಲವ್ವಾ ಅದು. ಮೂರು ಹಳೇ ಗಡಿಯಾರ ಕೂಡಿಸಿ, ಒಂದು ತಿಂಗಳು ಕೂತು ನಿನ್ನ ಮಾವ ಮಾಡಿದ್ದ. ಸೊಸಿಗೆ ಹಳೇದು ಕೊಟ್ಟಾನ ಅಂತ ಮಂದಿ ಅನಬಾರದಂತ ಹೊಸಾದು ಅಂದ. ಆಮ್ಯಾಲ ತಿರುಗಿ ಕೇಳಾಕ ನಾಚಿಕಿ. ನೀನೂ ಮಣ್ಣಿಗೆ ಹೋಗೋತನಕ ಬಿಡಂಗಿಲ್ಲ ಅಂದಿದ್ದಿ. ಎಣ್ಣಿ ಎಣ್ಣಿ ಅಂತ ನೆವ ಮಾಡಿ ಮಾಡಿ ಸೋತ.’

ಮಾವನ ಮೇಜಿನ ಖಾನೆಯಿಂದ ಅವರ ಮೊಂಡು ಚಾಕು ತಂದು ಹಿಂಬದಿಯ ಮುಚ್ಚಳ ಎತ್ತಿದೆ. ಯಾರ್ಯಾರೋ ಗೀರಿದ ಹಳೆಯ ಗುರುತುಗಳ ನಡುವೆ, ಸೂಜಿಯ ಮೊನೆಯಷ್ಟು ಸಣ್ಣಗೆ, ದುಂಡಗೆ, ಒಂದು ‘ಅ’ ಇತ್ತು. ಅಲ್ಲೇ ಅಧಿಕಾರಿಯ ಮುಂದೆ ನನಗೆ ಅಳು ಬಂತು. ಹಿಡಿಯಲು ಪ್ರಯತ್ನವನ್ನೂ ಮಾಡಲಿಲ್ಲ. ಮಾವ ಮೂರು ಸಲ ಕೇಳಿದ್ದರು, ನಾನು ಸಿಡುಕಿದ್ದೆ.

ಅಧಿಕಾರಿ ಕೈಗವಸು ಹಾಕಿಕೊಂಡು ಡಯಲ್ಲನ್ನೂ ಮುಳ್ಳುಗಳನ್ನೂ ಬಿಡಿಸಿದರು, ಗಡಿಯಾರದ ಹೊರಗಿನ ಡಬ್ಬಿಯನ್ನು ಒರೆಸಿ ಯಂತ್ರ ಹಿಡಿದು ನೋಡಿ ನನಗೆ ವಾಪಸು ಕೊಟ್ಟರು. ಪೆಟ್ಟಿಗೆಗೆ ಹಾಕುವ ಮೊದಲು ಒಂದು ನಿಮಿಷ ನಿಲ್ಲಲು ಹೇಳಿದೆ. ಅವರಿಗೆ ಅರ್ಥವಾಗಲಿಲ್ಲ, ಆದರೂ ನಿಂತರು. ನಾನು ಚಪ್ಪಡಿಯ ಹತ್ತಿರ, ಎಳ್ಳಮಾಸಿಯ ದಿನ ನಿಲ್ಲುತ್ತಿದ್ದ ಜಾಗದಲ್ಲಿ ಹೋಗಿ ನಿಂತೆ. ಕೊನೆಯ ಪ್ರಶ್ನೆಗೆ ಉತ್ತರ ಮಾವನೇ ಹೇಳುವ ರೂಢಿ. ಅವತ್ತು ನಾನು ಹೇಳಿದೆ.

‘ಎಲ್ಲಾ ಬಂದುವ್ರಿ ಮಾವಾರ.’